ಕೇತಕ್ಕನ ಕಾರು ಮತ್ತು ಬಾಲವಿಲ್ಲದ ಇಲಿಗಳು

ಒಂದು ಕಾಡಿನಲ್ಲಿ ಒಂದು ಕಾರಿತ್ತು.

ಕಾಡಿಗೆ ಕಾರು ಎಲ್ಲಿಂದ ಬಂತು ಅಂತೀರಾ? ಬಹಳ ವರ್ಷಗಳ ಹಿಂದೆ ರಸ್ತೆ ಮಾಡುವವರು ಬಂದಿದ್ದರು. ಅರ್ಧ ರಸ್ತೆ ಮಾಡಿದರು. ಆಮೇಲೆ ಏನಾಯಿತೋ ಏನೋ, ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಕೆಟ್ಟು ನಿಂತಿದ್ದ ಒಂದು ದಪ್ಪ ಮೂತಿಯ ಕಾರನ್ನೂ ಅದನ್ನು ನಿಲ್ಲಿಸುತ್ತಿದ್ದ ಶೆಡ್ಡನ್ನೂ ಅಲ್ಲೇ ಬಿಟ್ಟರು. ಶೆಡ್ಡಿಗೆ ಕಲ್ಲು ಮಣ್ಣಿನ ಗೋಡೆ, ತಗಡಿನ ಮಾಡು. ಅವರು ಕಾರು ರಿಪೇರಿ ಮಾಡುವುದನ್ನು ದಿನವೂ ಮರದ ಮೇಲೆ ಕೂತು ನೋಡುತ್ತಿದ್ದವನು ಬೋರಣ್ಣ ಎಂಬ ಕಪ್ಪು ಮುಖದ ಮುಸುವ. ಅವರು ಹೋದ ಮೇಲೆ ಅವನು ಕೆಳಗಿಳಿದು, ಒಂದೊಂದೇ ತಿರುಪು ಬಿಗಿದು, ಒಂದು ದಿನ ಕಾರನ್ನು ಗುರ್ ಅನ್ನಿಸಿಯೇ ಬಿಟ್ಟ.

ಕಾರು ಹೊಂಗೆ ಬೀಜದ ಎಣ್ಣೆ ಕುಡಿದು ಓಡುತ್ತಿತ್ತು. ಓಡಿಸುತ್ತಿದ್ದವಳು ಕರಡಿ ಕೇತಕ್ಕ. ಉಳಿದವರಲ್ಲಿ ಕೆಲವರ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಎಟುಕಿದವರಿಗೆ ತಾಳ್ಮೆ ಇರಲಿಲ್ಲ.

ಆ ಕಾರು ಮೋಜಿಗೆ ಇಟ್ಟುಕೊಂಡದ್ದಲ್ಲ. ಹೆಜ್ಜೇನು ಗುಡ್ಡದ ಆಚೆ, ಕೆರೆಯ ದಡದಲ್ಲಿ, ಕೊಕ್ಕರೆ ಡಾಕ್ಟರಮ್ಮ ಇದ್ದರು. ಮುರಿದ ಮೂಳೆ ಕೂಡಿಸುವುದು, ಗಂಟಲಿಗೆ ಸಿಕ್ಕಿದ ಮುಳ್ಳು ತೆಗೆಯುವುದು, ಎಲ್ಲವೂ ಅವರ ಉದ್ದ ಕೊಕ್ಕಿನ ಕೆಲಸ. ನಡೆದು ಹೋದರೆ ಗುಡ್ಡ ದಾಟಲು ಒಂದು ಇಡೀ ಹಗಲು ಬೇಕು. ಕಾರಿನಲ್ಲಾದರೆ ಬಿಸಿಲು ಏರುವ ಮುಂಚೆ ಹೋಗಿ ಮುಟ್ಟಬಹುದು.

ಮಳೆಗಾಲದಲ್ಲಿ ಮಾತ್ರ ಕಾರು ಓಡುತ್ತಿರಲಿಲ್ಲ. ಆರಿದ್ರೆ ಮಳೆ ಹಿಡಿಯಿತೆಂದರೆ ಹಳ್ಳ ತುಂಬುತ್ತಿತ್ತು. ದಾರಿಯೆಲ್ಲ ಕೆಸರಾಗುತ್ತಿತ್ತು. ಆಗ ಕೇತಕ್ಕ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಬಾಗಿಲು ಎಳೆದುಕೊಂಡು, ಮೂರು ತಿಂಗಳು ಅತ್ತ ತಲೆ ಹಾಕುತ್ತಿರಲಿಲ್ಲ.

ಹಾಗೆ ತಲೆ ಹಾಕದೆ ಇದ್ದದ್ದೇ ತಪ್ಪಾಯಿತು.

ಹೋದ ವರ್ಷ ಮಳೆ ಮುಗಿದ ಹೊಸತರಲ್ಲಿ ಒಂದು ಜಿಂಕೆಮರಿ ಗುಂಡಿಗೆ ಬಿದ್ದು ಹಿಂಗಾಲು ಮುರಿದುಕೊಂಡಿತು. ತಾಯಿಜಿಂಕೆ ಏದುಸಿರು ಬಿಡುತ್ತಾ ಓಡಿ ಬಂದಳು. ಕೇತಕ್ಕ ಮರಿಯನ್ನು ಸೀಟಿನ ಮೇಲೆ ಮಲಗಿಸಿ ಕೀ ತಿರುಗಿಸಿದಳು. ಟಕ್ ಎಂದಿತು. ಮತ್ತೆ ತಿರುಗಿಸಿದಳು. ಟಕ್. ಬೋರಣ್ಣ ಬಾನೆಟ್ ಎತ್ತಿ ನೋಡಿ ಹಣೆ ಚಚ್ಚಿಕೊಂಡ. ಒಳಗೆ ಒಣಹುಲ್ಲು, ಸೀಟಿನಿಂದ ಕಿತ್ತು ತಂದ ನಾರು, ನೆಲಗಡಲೆ ಸಿಪ್ಪೆ. ಅದರ ನಡುವೆ ಬೆಚ್ಚಗೆ ಒಂದು ಇಲಿಗೂಡು. ವೈರು ಅನ್ನುವ ವೈರೆಲ್ಲ ತುಂಡು ತುಂಡು.

"ಇದು ಇವತ್ತಿಗೆ ಆಗುವ ಕೆಲಸವಲ್ಲ ಕೇತಕ್ಕ," ಎಂದ ಬೋರಣ್ಣ.

ಕೇತಕ್ಕ ಮರಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಕೆರೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ದಾರಿಯುದ್ದಕ್ಕೂ ಕುಲುಕಾಡಿ ಕಾಲು ಬಾತುಕೊಂಡಿತ್ತು. ಡಾಕ್ಟರಮ್ಮ ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮರಿ ಉಳಿಯಿತು, ಆದರೆ ಕಾಲು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ಅದು ಕುಂಟುತ್ತಲೇ ಮೇಯಲು ಹೋಗುತ್ತಿತ್ತು. ತಾಯಿಜಿಂಕೆ ಕೇತಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಕೇತಕ್ಕನಿಗೆ ಹಗುರಾಗುತ್ತಿತ್ತೇನೋ.

ಈ ವರ್ಷ ಮತ್ತೆ ಮೋಡ ಕಟ್ಟಿತು. ಕೇತಕ್ಕ ಕಾರನ್ನು ಶೆಡ್ಡಿಗೆ ತಂದು ನಿಲ್ಲಿಸಿದಳು. ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

"ಈ ಸಲ ಒಂದೇ ಒಂದು ಇಲಿಯೂ ಈ ಕಾರಿನೊಳಗೆ ಇರಕೂಡದು. ಅದಕ್ಕೆ ಏನು ಮಾಡಬೇಕೋ ಅದನ್ನು ಮಾಡಿಯೇ ತೀರುತ್ತೇನೆ."

ಈ ಮಾತು ಕಾಡುಬೆಕ್ಕು ಪಂಜಣ್ಣನ ಕಿವಿಗೆ ಬಿತ್ತು. ಪಂಜಣ್ಣ ಬೇಟೆಯಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮೀಸೆ ನೇವರಿಸಿಕೊಂಡು ಮುಂದೆ ಬಂದ.

"ಕೇತಕ್ಕ, ಇಲಿ ಹಿಡಿಯುವುದು ಯಾರ ಕೆಲಸ? ನಮ್ಮ ಕುಲದ ಕೆಲಸ. ಕಾವಲು ನನಗೆ ಬಿಡಿ. ನೀವು ಮನೆಯಲ್ಲಿ ಕಾಲು ಚಾಚಿ ಮಲಗಿ."

"ನಿನಗೆ ಏನು ಕೊಡಬೇಕು?"

"ಅಯ್ಯೋ, ಊರಿನ ಕೆಲಸಕ್ಕೆ ಕೇಳುವುದುಂಟೇ? ದಿನಕ್ಕೊಂದು ಮೀನು ಕೊಟ್ಟರೆ ಸಾಕು. ಮಳೆಯಲ್ಲಿ ನನಗೆ ಬೇಟೆಗೆ ಹೋಗಲು ಆಗುವುದಿಲ್ಲವಲ್ಲ."

"ನೀನು ಇಲಿ ಹಿಡಿದೆ ಅಂತ ನನಗೆ ಗೊತ್ತಾಗುವುದು ಹೇಗೆ?"

"ಹಿಡಿದ ಇಲಿಯ ಬಾಲವನ್ನು ತಂದು ನಿಮ್ಮ ಮುಂದೆ ಇಡುತ್ತೇನೆ. ಆದರೆ ಒಂದು ಮಾತು. ನೀವು ಯಾರೂ ಶೆಡ್ಡಿನ ಹತ್ತಿರ ಬರಬೇಡಿ. ನಿಮ್ಮ ಹೆಜ್ಜೆ ಸದ್ದಿಗೆ ಇಲಿಗಳು ಎಚ್ಚರವಾಗಿಬಿಡುತ್ತವೆ."

ಕೇತಕ್ಕನಿಗೆ ಅದು ಸರಿ ಅನ್ನಿಸಿತು. ಒಪ್ಪಿದಳು.

ಮಳೆ ಹಿಡಿಯಿತು. ಪಂಜಣ್ಣ ಮಾತಿಗೆ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಕೇತಕ್ಕನ ಗವಿಯ ಮುಂದೆ ಒಂದು ಬಾಲ ತಂದಿಡುತ್ತಿದ್ದ. ಮೀನು ಕಚ್ಚಿಕೊಂಡು ಹೋಗುತ್ತಿದ್ದ. ಕೇತಕ್ಕನಿಗೆ ಸಮಾಧಾನವಾಯಿತು. ತುಂಬಿದ ಹಳ್ಳದಲ್ಲಿ ಮಂಡಿಯುದ್ದ ನಿಂತು, ಚಳಿಯಲ್ಲಿ ನಡುಗುತ್ತಾ, ಅವನಿಗಾಗಿ ಮೀನು ಹಿಡಿದಳು.

ಹದಿನೈದು ದಿನ ಕಳೆದ ಮೇಲೆ ಬಾಲಗಳು ಎರಡಾದವು.

"ಇಲಿಗಳು ಹೆಚ್ಚುತ್ತಿವೆ ಕೇತಕ್ಕ," ಎಂದ ಪಂಜಣ್ಣ. "ನಾನೊಬ್ಬನೇ ಹೆಣಗಾಡುತ್ತಿದ್ದೇನೆ. ಇನ್ನು ಮೇಲೆ ದಿನಕ್ಕೆ ಎರಡು ಮೀನು ಬೇಕು."

ಕೇತಕ್ಕ ಎರಡು ಮೀನು ಕೊಟ್ಟಳು. ಇನ್ನೂ ಸ್ವಲ್ಪ ದಿನಕ್ಕೆ ಬಾಲಗಳು ಮೂರಾದವು, ಮೀನುಗಳೂ ಮೂರಾದವು. ಪಂಜಣ್ಣನ ಹೊಟ್ಟೆ ನೆಲಕ್ಕೆ ತಾಗತೊಡಗಿತು. ತಿಂದು ಮಿಕ್ಕ ಮೀನನ್ನು ಅವನು ಒಣಗಿಸಿ ತನ್ನ ಮನೆಯಲ್ಲಿ, ಒಂದು ಹಳೆಯ ಮತ್ತಿ ಮರದ ಪೊಟರೆಯಲ್ಲಿ, ಕೂಡಿಡುತ್ತಿದ್ದ.

ಒಂದು ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತ್ತು. ಕೇತಕ್ಕ ಹಳ್ಳದಿಂದ ಬರುವಾಗ ಶೆಡ್ಡಿನ ಕಡೆಯಿಂದ ಗಾಳಿ ಬೀಸಿತು. ಆ ಗಾಳಿಯಲ್ಲಿ ಇಲಿಯ ಉಚ್ಚೆಯ ನಾತ. ಕೇತಕ್ಕ ಮೂಗು ಎತ್ತಿ ನಿಂತಳು.

'ಇಷ್ಟು ಇಲಿ ಸತ್ತಿದ್ದರೆ ನಾತ ಕಡಿಮೆಯಾಗಬೇಕಿತ್ತಲ್ಲ?' ಎಂದುಕೊಂಡಳು.

ಬರಬೇಡಿ ಎಂದಿದ್ದ ಪಂಜಣ್ಣನ ಮಾತು ನೆನಪಿತ್ತು. ಆದರೂ ಸದ್ದಾಗದಂತೆ ಹೋಗಿ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು.

ಪಂಜಣ್ಣ ಕಾರಿನ ತಲೆಯ ಮೇಲೆ ಅಂಗಾತ ಮಲಗಿದ್ದ. ಅಷ್ಟರಲ್ಲಿ ಒಂದು ಇಲಿ ಅವನ ಮೂಗಿನ ಮುಂದೆಯೇ ಹಾದುಹೋಯಿತು. ಪಂಜಣ್ಣ ಒಂದು ಕಣ್ಣು ತೆರೆದ. ನೋಡಿದ. ಮುಚ್ಚಿಕೊಂಡ. ಇನ್ನೊಂದು ಇಲಿ ಹೋಯಿತು. ಅದರ ಹಿಂದೆ ಮತ್ತೆರಡು. ಕೇತಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಆ ಇಲಿಗಳಲ್ಲಿ ಏನೋ ಕೊರತೆ ಇತ್ತು. ಏನದು?

ಒಂದಕ್ಕೂ ಬಾಲವಿರಲಿಲ್ಲ.

ತನ್ನ ಗವಿಯ ಮುಂದೆ ಬಾಲ ಬಿಟ್ಟುಹೋದ ಇಲಿಗಳೆಲ್ಲ ಇಲ್ಲಿ ಮಕ್ಕಳುಮರಿ ಸಮೇತ ಓಡಾಡಿಕೊಂಡಿದ್ದವು!

ಅವಳು ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ಇಲಿಗಳು ಚೆಲ್ಲಾಪಿಲ್ಲಿಯಾದವು. ಒಂದು ಮುದಿ ಇಲಿ ಮಾತ್ರ ಓಡಲಾರದೆ ಅವಳ ಅಂಗೈ ಕೆಳಗೆ ಸಿಕ್ಕಿಬಿತ್ತು. ಅದರ ಹೆಸರು ಹುಲ್ಲವ್ವ. ಶೆಡ್ಡಿನ ಇಲಿಗಳಿಗೆಲ್ಲ ಅವಳೇ ಹಿರಿಯಳು.

"ಕೊಲ್ಲಬೇಡ ತಾಯಿ," ಎಂದು ಬೇಡಿಕೊಂಡಳು ಹುಲ್ಲವ್ವ. "ನಾವು ಬಾಡಿಗೆ ಕೊಟ್ಟೇ ಇದ್ದೇವೆ."

"ಎಂಥ ಬಾಡಿಗೆ?"

"ಬಾಲ. ಬಂದ ಮೊದಲ ದಿನವೇ ಆ ಬೆಕ್ಕಿನವನು ಹೇಳಿದ, ಒಬ್ಬೊಬ್ಬರೂ ಬಾಲ ಕೊಡಿ, ಜೀವ ಉಳಿಸುತ್ತೇನೆ, ಕಾರಿನಲ್ಲಿ ಬೆಚ್ಚಗಿರಿ, ಮರಿ ಹಾಕಿ ಅಂತ. ಹೊರಗೆ ನೋಡಿದರೆ ಮಳೆ. ನಾವೇನು ಮಾಡೋಣ? ಕಚ್ಚಿಸಿಕೊಂಡೆವು. ನನ್ನ ಮೊಮ್ಮಕ್ಕಳು ಎಷ್ಟು ಅತ್ತವು ಗೊತ್ತಾ?"

ಕೇತಕ್ಕ ತಲೆಯೆತ್ತಿ ಪಂಜಣ್ಣನನ್ನು ನೋಡಿದಳು. ಅವನು ಆಗಲೇ ಎದ್ದು ಕೂತು ಮೈ ನೆಕ್ಕಿಕೊಳ್ಳುತ್ತಿದ್ದ, ಏನೂ ಆಗಿಲ್ಲ ಅನ್ನುವ ಹಾಗೆ.

"ಇಲಿಯ ಮಾತು ನಂಬುತ್ತೀರಾ ಕೇತಕ್ಕ?"

"ಇಲಿಯ ಮಾತು ಬೇಡ. ನನ್ನ ಕಣ್ಣನ್ನು ನಂಬಲೋ ಬೇಡವೋ, ಅದನ್ನು ಹೇಳು."

ಪಂಜಣ್ಣ ಸಿಟ್ಟಿಗೆದ್ದು ನಿಜವನ್ನೇ ಆಡಿಬಿಟ್ಟ.

"ಮತ್ತೇನು ಮಾಡಲಿ? ಎಲ್ಲ ಇಲಿಗಳನ್ನೂ ಒಂದೇ ವಾರದಲ್ಲಿ ಮುಗಿಸಿದ್ದರೆ ಎಂಟನೆಯ ದಿನ ನೀವು ನನಗೆ ಮೀನು ಕೊಡುತ್ತಿದ್ದಿರಾ?"

ಕೇತಕ್ಕ ಬಾಗಿಲ ಕಡೆ ಕೈ ತೋರಿಸಿದಳು. "ಹೊರಡು."

ಪಂಜಣ್ಣ ಬಾಲ ಎತ್ತಿಕೊಂಡು ಹೊರಟ. "ಬೆಕ್ಕಿಲ್ಲದೆ ಇಲಿ ಓಡಿಸುತ್ತೀರಾ? ನೋಡೋಣ. ನಾಳೆಯೇ ನನ್ನನ್ನು ಹುಡುಕಿಕೊಂಡು ಬರುತ್ತೀರಿ," ಎಂದು ಗೊಣಗುತ್ತಾ ಹೋದ.

ಕೇತಕ್ಕ ಬೋರಣ್ಣನನ್ನು ಕರೆಸಿ ಬಾನೆಟ್ ಎತ್ತಿಸಿದಳು. ಮೂರು ಗೂಡುಗಳಿದ್ದವು. ಹಿಂದಿನ ಸೀಟಿನ ಹೊಟ್ಟೆ ಬಗೆದಿತ್ತು. ಎರಡು ವೈರು ತುಂಡಾಗಿದ್ದವು, ನಾಲ್ಕು ಅರ್ಧ ಕಡಿದಿದ್ದವು.

"ಇನ್ನೂ ಕೈ ಮೀರಿಲ್ಲ," ಎಂದ ಬೋರಣ್ಣ. "ವೈರು ನಾನು ಕೂಡಿಸುತ್ತೇನೆ. ಆದರೆ ಕಾವಲಿಗೆ ಯಾರನ್ನಾದರೂ ಇಡಲೇಬೇಕಲ್ಲ. ಕೇರೆಹಾವನ್ನು ಕೇಳೋಣವೇ?"

"ಬೇಡ ಬೋರಣ್ಣ. ಇಲಿ ಇದ್ದರೆ ತಾನೇ ಕೇರೆಹಾವಿಗೂ ಊಟ? ಇಲಿ ಇರಲಿ ಅಂತ ಬಯಸುವವರ ಕೈಗೆ ಈ ಬಾಗಿಲನ್ನು ಇನ್ನು ಕೊಡುವುದಿಲ್ಲ. ಇಲಿ ಬರುವ ದಾರಿಯನ್ನೇ ಮುಚ್ಚುತ್ತೇನೆ."

"ಇಷ್ಟು ದೊಡ್ಡ ಶೆಡ್ಡಿನಲ್ಲಿ ಎಷ್ಟು ತೂತಿವೆಯೋ!"

"ಎಷ್ಟಿವೆಯೋ ಅಷ್ಟನ್ನೂ."

ಅವಳು ಹುಲ್ಲವ್ವನ ಕಡೆ ತಿರುಗಿದಳು. ಹುಲ್ಲವ್ವ ಓಡಿಹೋಗದೆ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಅವಳ ಹೊಸದಾಗಿ ಹುಟ್ಟಿದ ಮೊಮ್ಮಕ್ಕಳು ಇನ್ನೂ ಬಾನೆಟ್ಟಿನ ಗೂಡಿನಲ್ಲಿದ್ದವು.

"ಹುಲ್ಲವ್ವ, ಮರಿಗಳು ಕಣ್ಣು ಬಿಟ್ಟಿವೆಯೇ?"

"ಇನ್ನೂ ಎರಡು ದಿನ ಬೇಕು ತಾಯಿ."

"ಎರಡು ದಿನ ಕೊಟ್ಟೆ. ಹಳ್ಳದ ಮೇಲಿನ ದಿಬ್ಬದಲ್ಲಿ ಒಂದು ಮರ ಉರುಳಿಬಿದ್ದಿದೆ. ಒಳಗೆ ಟೊಳ್ಳು, ನೀರು ಬರುವುದಿಲ್ಲ. ಅಲ್ಲಿಗೆ ಹೋಗಿ. ಮೂರನೆಯ ದಿನ ಮಧ್ಯಾಹ್ನ ಕಡೆಯ ತೂತು ಮುಚ್ಚುತ್ತೇನೆ. ಈಗ ನನಗೆ ಒಂದು ನಿಜ ಹೇಳು. ಎಷ್ಟು ಸಣ್ಣ ತೂತಿನಲ್ಲಿ ನೀವು ನುಗ್ಗುತ್ತೀರಿ?"

ಹುಲ್ಲವ್ವ ಹಿಂದೆ ಮುಂದೆ ನೋಡಿದಳು. ಮನೆಯ ಗುಟ್ಟು ಹೇಳುವುದು ಯಾರಿಗೂ ಸುಲಭವಲ್ಲ. ಆದರೆ ಎರಡು ದಿನ ಕೊಟ್ಟವಳ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ತಲೆ ಹೋದರೆ ಸಾಕು. ಮೈ ಹೇಗಾದರೂ ಬರುತ್ತದೆ. ನಿನ್ನ ಒಂದು ಉಗುರು ಹೋಗುವ ಕಡೆ ನಮ್ಮ ಮಕ್ಕಳು ಹೋಗುತ್ತಾರೆ."

ಕೇತಕ್ಕ ಕೆಲಸಕ್ಕೆ ಕೂತಳು.

ಮೊದಲು ಕಾರನ್ನು ಬರಿದು ಮಾಡಿದಳು. ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಕಾಲಿಡುವ ಕಡೆ, ಎಲ್ಲೆಲ್ಲೂ ತಿಂಡಿಯ ಚೂರು. ಕೋತಿಗಳು ತಿಂದು ಬಿಟ್ಟ ನೆಲಗಡಲೆ, ಮೊಲಗಳ ಗೆಣಸಿನ ತುಂಡು, ಅವಳದೇ ಜೇನುತಟ್ಟೆಯ ಮೇಣ. ತನ್ನ ಮೇಣ ಕಂಡಾಗ ಅವಳಿಗೆ ನಾಚಿಕೆಯಾಯಿತು. ಇಲಿಗಳನ್ನು ಊಟಕ್ಕೆ ಕರೆದವಳು ತಾನೇ! ಹಾಸಿದ್ದ ಹಳೆಯ ಗೋಣಿಚೀಲಗಳನ್ನೂ ಎಳೆದು ಹೊರಗೆ ಹಾಕಿದಳು. ಬೋರಣ್ಣ ವೈರು ಕೂಡಿಸಿದ. ಬಗೆದಿದ್ದ ಸೀಟನ್ನು ನಾರುಬಳ್ಳಿಯಿಂದ ಹೊಲಿದ.

ಆಮೇಲೆ ತೂತುಗಳು. ಕೇತಕ್ಕ ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಗೋಡೆಯ ಬುಡವನ್ನೆಲ್ಲ ಉಗುರಿನಿಂದ ತಡವಿದಳು. ಉಗುರು ಎಲ್ಲಿ ಒಳಗೆ ಹೋಯಿತೋ ಅಲ್ಲಿ ಗುರುತು ಹಾಕಿದಳು. ಆಕಾಶ ಬೆಳ್ಳಗಿದ್ದ ಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡು ಒಳಗೆ ನಿಂತು, ಬೆಳಕು ತೂರಿಬರುವ ಸಂದುಗಳನ್ನೂ ಹುಡುಕಿದಳು. ಮೂವತ್ತಕ್ಕೂ ಹೆಚ್ಚು ಸಿಕ್ಕವು.

ಹುತ್ತದ ಮಣ್ಣು ತಂದು ಕಲಸಿ ಮೆತ್ತಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಆರು ಕಡೆ ಇಲಿಗಳು ಮಣ್ಣು ಕೊರೆದು ದಾರಿ ಮಾಡಿಕೊಂಡಿದ್ದವು. ಹಲ್ಲು ತಾಗದ ವಸ್ತು ಬೇಕಿತ್ತು. ಕೇತಕ್ಕ ಮುಳ್ಳುಹಂದಿ ಗರಿಯಪ್ಪನ ಬಿಲಕ್ಕೆ ಹೋದಳು.

"ಗರಿಯಪ್ಪನವರೇ, ನಿಮ್ಮ ಮೈಯಿಂದ ಉದುರಿದ ಮುಳ್ಳುಗಳಿದ್ದರೆ ಕೊಡುತ್ತೀರಾ?"

ಗರಿಯಪ್ಪ ಯಾರಿಗೂ ಏನನ್ನೂ ಬೇಗ ಕೊಡುವವನಲ್ಲ. "ಉದುರಿದ್ದಾದರೂ ನನ್ನದೇ ಅಲ್ಲವೇ?" ಎಂದ. ಆಮೇಲೆ ಕೇತಕ್ಕನ ಮುಖ ನೋಡಿದ. ಮೂಗಿನ ತುದಿಯವರೆಗೆ ಮಣ್ಣು, ಉಗುರುಗಳು ಸವೆದು ಮೊಂಡಾಗಿದ್ದವು. ಒಳಗೆ ಹೋಗಿ ಒಂದು ದೊಡ್ಡ ಹೊರೆಯನ್ನೇ ತಳ್ಳಿಕೊಂಡು ಬಂದ.

ಮುಳ್ಳುಗಳನ್ನು ಸಣ್ಣಗೆ ಮುರಿದು, ಹರಳುಕಲ್ಲು ಸೇರಿಸಿ, ತೂತುಗಳಿಗೆ ತುರುಕಿ, ಮೇಲೆ ಮಣ್ಣು ಮೆತ್ತಿದಳು. ಬಾಗಿಲಿನ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆದಳು. ರಸ್ತೆಯವರು ಬಿಟ್ಟುಹೋದ ತಂತಿಬಲೆ ಕತ್ತರಿಸಿ ಬೋರಣ್ಣ ಸೈಲೆನ್ಸರ್ ಬಾಯಿಗೆ ಕಟ್ಟಿದ, ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಗೂ ಕಟ್ಟಿದ. ಗೋಡೆಗೆ ಹಬ್ಬಿದ್ದ ಬಳ್ಳಿಯನ್ನೂ ಸುತ್ತ ಬೆಳೆದಿದ್ದ ಪೊದೆಯನ್ನೂ ಕೇತಕ್ಕ ಕಿತ್ತೆಸೆದಳು. ಮಾಡಿನ ಮೇಲೆ ಬಾಗಿದ್ದ ಕೊಂಬೆಯನ್ನು ಮುರಿದಳು. ಅಡಗಲು ಬೆಚ್ಚಗಿನ ಮೂಲೆ ಸಿಗದಿರಲಿ ಎಂದು ಬಾನೆಟ್ಟನ್ನು ಎತ್ತಿಯೇ ಇಟ್ಟಳು.

ಮೂರನೆಯ ದಿನ ಬೆಳಿಗ್ಗೆ ಹುಲ್ಲವ್ವ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಾಯಲ್ಲಿ ಕಚ್ಚಿಕೊಂಡು ದಿಬ್ಬಕ್ಕೆ ಸಾಗಿಸಿದಳು. ಮಧ್ಯಾಹ್ನ ಕೇತಕ್ಕ ಕಡೆಯ ತೂತು ಮುಚ್ಚಿದಳು.

ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ ತಪ್ಪು. ಹುಲ್ಲವ್ವ ಹೋದಳು, ಎಳೆಯ ಇಲಿಗಳು ಬಿಡಲಿಲ್ಲ. ಒಂದು ದಿನ ಮಾಡಿನ ಮೂಲೆಯಲ್ಲಿ ದಾರಿ ಮಾಡಿದವು. ಕೇತಕ್ಕ ಅದನ್ನು ಮುಚ್ಚಿದಳು. ಇನ್ನೊಂದು ದಿನ ನೆಲದಡಿಯಲ್ಲಿ ಕೊರೆದು ಬಂದವು. ಅಲ್ಲಿ ಚಪ್ಪಡಿ ಹಾಕಿದಳು. ಒಮ್ಮೆ ಸೀಟಿನ ಮೇಲೆ ಹೊಸ ಹಿಕ್ಕೆ ಕಂಡು ಅವಳಿಗೆ ಅಳುವೇ ಬಂತು. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಸಾಕು ಬಿಡು ಕೇತಕ್ಕ," ಎಂದ ಬೋರಣ್ಣ ಕನಿಕರದಿಂದ. "ಇಲಿಗಳ ಎದುರು ಯಾರು ಗೆದ್ದಿದ್ದಾರೆ?"

"ನಾನು ಗೆಲ್ಲಬೇಕಾಗಿಲ್ಲ ಬೋರಣ್ಣ. ಕೀ ತಿರುಗಿಸಿದಾಗ ಕಾರು ಹೊರಡಬೇಕು, ಅಷ್ಟೇ," ಎಂದು ಎದ್ದಳು. ಆ ದಾರಿಯನ್ನೂ ಹುಡುಕಿ ಮುಚ್ಚಿದಳು.

ಅಂದಿನಿಂದ ಮಳೆ ಬರಲಿ, ಬಿಡಲಿ, ದಿನಕ್ಕೊಮ್ಮೆ ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿದಳು. ವಾರಕ್ಕೊಮ್ಮೆ ಬಲೆಗಳನ್ನು ಬಿಚ್ಚಿ, ಇಂಜಿನ್ ಓಡಿಸಿ, ಮತ್ತೆ ಕಟ್ಟಿದಳು. ನಿಧಾನವಾಗಿ ನಾತ ಹೋಯಿತು. ಹಿಕ್ಕೆ ಕಾಣಿಸಲಿಲ್ಲ. ತಿನ್ನಲು ಏನೂ ಇಲ್ಲದ, ಅಡಗಲು ಜಾಗವಿಲ್ಲದ ಆ ಶೆಡ್ಡು ಇಲಿಗಳಿಗೂ ಬೇಸರವಾಯಿತು.

ಹಾಗಾದರೆ ಅವು ಎಲ್ಲಿಗೆ ಹೋದವು?

ಹೊಟ್ಟೆ ಹಸಿದ ಇಲಿಗಳ ಮೂಗಿಗೆ ಒಣಮೀನಿನ ವಾಸನೆ ಬಡಿಯಿತು. ವಾಸನೆ ಹಿಡಿದು ಹೊರಟ ಇಲಿಗಳು ನೇರವಾಗಿ ಪಂಜಣ್ಣನ ಪೊಟರೆಗೆ ಹೋಗಿ ನಿಂತವು. ಎರಡು ತಿಂಗಳಲ್ಲಿ ಅವನೇ ಬೆಳೆಸಿದ ಇಲಿಗಳು ಅವು, ಒಂದು ದೊಡ್ಡ ದಂಡೇ ಆಗಿದ್ದವು. ಒಂದೇ ಬೆಳಗಿನಲ್ಲಿ ಮೀನಿನ ಅರ್ಧ ರಾಶಿ ಕರಗಿತು.

"ಎಲಾ ಇವುಗಳಾ! ನನ್ನ ಮನೆಗೇ ಬಂದಿರಾ?" ಎಂದು ಪಂಜಣ್ಣ ಹಾರಿದ.

ಆದರೆ ಕೂತು ಕೂತು ಮೈ ಭಾರವಾಗಿತ್ತು. ಒಂದು ಇಲಿಯ ಹಿಂದೆ ಹಾರಿದ. ಅಭ್ಯಾಸದಂತೆ ಬಾಲ ಹಿಡಿಯಲು ಪಂಜ ಹಾಕಿದ. ಬಾಲ ಎಲ್ಲಿದೆ? ಇಲಿ ಜಾರಿತು. ಇನ್ನೊಂದಕ್ಕೆ ಹಾಕಿದ. ಅದೂ ಜಾರಿತು. ಹಿಡಿಯಲು ಸಿಗುವ ಬಾಲಗಳನ್ನೆಲ್ಲ ಅವನೇ ಕಚ್ಚಿ ತೆಗೆದಿದ್ದನಲ್ಲ! ದಿನವೂ ಇದೇ ಪಾಡಾಯಿತು. ಮೀನು ಖಾಲಿಯಾಯಿತು, ಹಾಸಿಗೆಯ ಹುಲ್ಲು ಚೂರಾಯಿತು, ಅವನ ನಿದ್ದೆ ಹಾರಿತು. ಇಲಿಗಳು ಅವನ ಮೀಸೆಯ ಕೂದಲನ್ನೂ ಕಿತ್ತು ಗೂಡಿಗೆ ಒಯ್ದವು.

ಹಸ್ತ ಮಳೆ ಮುಗಿಯಿತು. ಹಳ್ಳ ಇಳಿಯಿತು. ದಾರಿ ಒಣಗಿ ಗಟ್ಟಿಯಾಯಿತು. ಆ ಬೆಳಿಗ್ಗೆ ಕೇತಕ್ಕ ಕಾರನ್ನು ಹೊರಗೆ ತೆಗೆಯಲು ಬಂದಿದ್ದಳು. ಬಲೆ ಬಿಚ್ಚುತ್ತಿರುವಾಗಲೇ ಮರಗಳ ಮೇಲಿಂದ ಬೋರಣ್ಣ ಕೂಗಿಕೊಂಡು ಬಂದ.

"ಕೇತಕ್ಕ! ಪಂಜಣ್ಣ ಇಲಿ ಹಿಡಿಯಲು ಹೋಗಿ ಪೊಟರೆಯಿಂದ ಬಂಡೆಯ ಮೇಲೆ ಬಿದ್ದಿದ್ದಾನೆ. ಮುಂಗಾಲು ಎರಡು ತುಂಡು!"

ಈ ಸಲ ಕಾರು ಹೊರಡುತ್ತದೋ ಇಲ್ಲವೋ ನೋಡಲು ಸುತ್ತ ಸೇರಿದ್ದವರು ಮುಖ ಮುಖ ನೋಡಿಕೊಂಡರು. "ಬೀಳಲಿ. ಬುದ್ಧಿ ಬರಲಿ," ಎಂದಿತು ಒಂದು ಮೊಲ.

ಕೇತಕ್ಕನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಚಳಿಯ ಹಳ್ಳದಲ್ಲಿ ಅವನಿಗೆಂದು ಹಿಡಿದ ಮೀನುಗಳು ಕಣ್ಣ ಮುಂದೆ ಬಂದವು. ಆದರೆ ಅವಳ ಕೈ ಆಗಲೇ ಕಾರಿನ ಬಾಗಿಲು ತೆರೆದಿತ್ತು. ಒಳಗೆ ಕೂತಳು. ಕೀ ಹಿಡಿದಳು. ತಾಯಿಜಿಂಕೆ ಕಣ್ಣು ಮುಚ್ಚಿಕೊಂಡಳು.

ಗುರ್ರ್ರ್!

ಮೊದಲ ಸಲಕ್ಕೇ ಕಾರು ಹೊರಟಿತು. ಬೋರಣ್ಣ ಲಾಗ ಹಾಕಿದ. ಕೇತಕ್ಕ ನಗಲಿಲ್ಲ. ಅವಳ ಕಣ್ಣು ಮಾತ್ರ ಒದ್ದೆಯಾಯಿತು.

ಪಂಜಣ್ಣನನ್ನು ಹಿಂದಿನ ಸೀಟಿನಲ್ಲಿ, ನಾರುಬಳ್ಳಿಯಲ್ಲಿ ಹೊಲಿದ ಭಾಗದ ಮೇಲೆ, ಮಲಗಿಸಿದರು. ಗುಡ್ಡದ ತಿರುವುಗಳಲ್ಲಿ ಕೇತಕ್ಕ ಮೆಲ್ಲಗೆ ಓಡಿಸಿದಳು. ಅರ್ಧ ದಾರಿ ಕಳೆದ ಮೇಲೆ ಪಂಜಣ್ಣ ಕೇಳಿದ:

"ಕೇತಕ್ಕ, ನಾನು ನಿಮಗೆ ಮೋಸ ಮಾಡಿದವನು. ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತಿದ್ದೀರಿ?"

"ಕಾರು ಇರುವುದು ಅದಕ್ಕೇ. ಕಾಲು ಅಲ್ಲಾಡಿಸಬೇಡ."

ಬಿಸಿಲು ಏರುವ ಮುಂಚೆ ಕೆರೆ ಮುಟ್ಟಿದರು. ಡಾಕ್ಟರಮ್ಮ ಮೂಳೆ ಕೂಡಿಸಿ, ಬಿದಿರಿನ ಸೀಳು ಇಟ್ಟು ಕಟ್ಟಿದರು. "ಹೊತ್ತಿಗೆ ಸರಿಯಾಗಿ ತಂದಿರಿ. ನೆಟ್ಟಗಾಗುತ್ತದೆ. ಆದರೆ ಇವನು ನಲವತ್ತು ದಿನ ಇಲ್ಲೇ ಬಿದ್ದಿರಬೇಕು. ಮೀನು ಗೀನು ಇಲ್ಲ, ಬರೀ ಗಂಜಿ," ಎಂದರು.

ಪಂಜಣ್ಣನ ಮುಖ ಇಳಿದುಹೋಯಿತು. ಕೇತಕ್ಕ ಹೊರಟು ನಿಂತಾಗ ಅವನು ಸಣ್ಣ ದನಿಯಲ್ಲಿ ಅಂದ: "ಅಕ್ಕ, ಬರುವ ಮಳೆಗಾಲಕ್ಕೆ ನಿಜವಾಗಿಯೂ ಕಾವಲು ಕಾಯುತ್ತೇನೆ. ಮೀನು ಬೇಡ, ಬಾಲ ತರುವುದಿಲ್ಲ. ಇಲಿಗಳನ್ನೇ ತಂದು ತೋರಿಸುತ್ತೇನೆ."

"ಕಾವಲಿಗೆ ಬೇಡ," ಎಂದಳು ಕೇತಕ್ಕ. "ಮಣ್ಣು ಕಲಸಲು ಬಾ."

ಅವಳು ಮರಳುವಾಗ ಸಂಜೆಯಾಗಿತ್ತು. ಬೆನ್ನು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಕಾರನ್ನು ಶೆಡ್ಡಿಗೆ ಬಿಟ್ಟು ಬಾಗಿಲು ಎಳೆಯುವಾಗ ಹೊಸ್ತಿಲ ಬಳಿ ಕಣ್ಣು ಹೋಯಿತು. ಚಕ್ರ ಉಜ್ಜಿದ ಕಡೆ ಮಣ್ಣು ಸವೆದು ಒಂದು ಸಣ್ಣ ಸಂದು ಬಿಟ್ಟಿತ್ತು. ಕೇತಕ್ಕ ಬಗ್ಗಿ ಉಗುರು ಹಾಕಿ ನೋಡಿದಳು. ಒಳಗೆ ಹೋಯಿತು.

"ಊಟ ಮಾಡಿ ಬಾ ಕೇತಕ್ಕ, ನಾಳೆ ನೋಡಿದರಾಯಿತು," ಎಂದ ಬೋರಣ್ಣ ಮರದ ಮೇಲಿಂದ.

ಕೇತಕ್ಕ ಆಗಲೇ ಮಣ್ಣು ತರಲು ಹುತ್ತದ ಕಡೆ ಹೊರಟಿದ್ದಳು.

ನೀತಿ: ತೊಂದರೆ ಇದ್ದಷ್ಟು ದಿನವೂ ಲಾಭ ಪಡೆಯುವವನಿಗೆ ಕಾವಲು ಒಪ್ಪಿಸಿದರೆ ತೊಂದರೆ ಎಂದಿಗೂ ಮುಗಿಯುವುದಿಲ್ಲ; ಅದು ಬರುವ ದಾರಿಯನ್ನು ನಾವೇ ಹುಡುಕಿ ಮುಚ್ಚಬೇಕು, ದಿನವೂ ಕಣ್ಣಿಟ್ಟು ನೋಡಿಕೊಳ್ಳಬೇಕು.